ಸಕ್ಕರೆ ಕಾಯಿಲೆಯವರ ಪಾದ: ಮಲೆನಾಡಿನ ಮಳೆಗಾಲದಲ್ಲಿ ಮನೆಯವರು ಮಾಡಬೇಕಾದ ಆರೈಕೆ

ಕಾಲಿಗೆ ಮುಳ್ಳು ಚುಚ್ಚಿದರೆ ನೋಯಬೇಕು. ನೋಯುವುದರಿಂದಲೇ ಮನುಷ್ಯ ನಿಲ್ಲುತ್ತಾನೆ, ಕಾಲೆತ್ತಿ ನೋಡುತ್ತಾನೆ, ಮುಳ್ಳು ಕೀಳುತ್ತಾನೆ. ಸಕ್ಕರೆ ಕಾಯಿಲೆ ಬಂದು ಹಲವು ವರ್ಷವಾದವರಲ್ಲಿ ಅನೇಕರಿಗೆ ಈ ನೋವೇ ಇರುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ವರ್ಷಗಟ್ಟಲೆ ಉಳಿದರೆ ಪಾದದ ನರಗಳು ಬೆರಳ ತುದಿಯಿಂದ ಶುರುವಾಗಿ ಮೇಲಕ್ಕೆ ಕೆಡುತ್ತಾ ಬರುತ್ತವೆ. ಮೊದಲು ಜೋಮು, ಉರಿ, ರಾತ್ರಿ ಹೊತ್ತು ಸೂಜಿ ಚುಚ್ಚಿದ ಹಾಗೆ. ಆಮೇಲೆ ಏನೂ ಗೊತ್ತಾಗುವುದಿಲ್ಲ. "ಈಗ ಕಾಲುರಿ ಕಮ್ಮಿಯಾಗಿದೆ" ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಕೆಲವೊಮ್ಮೆ ಸ್ಪರ್ಶವೇ ಹೋಗಿರುತ್ತದೆ.

ಇದರ ಜೊತೆಗೆ ಇನ್ನೆರಡು ತೊಂದರೆ. ಬೆವರು ಬರಿಸುವ ನರಗಳೂ ಕೆಡುವುದರಿಂದ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ, ಬಿರುಕು ರೋಗಾಣುವಿಗೆ ಬಾಗಿಲಾಗುತ್ತದೆ. ಕಾಲಿನ ರಕ್ತನಾಳಗಳು ಕಿರಿದಾಗಿದ್ದರೆ ಗಾಯದ ಜಾಗಕ್ಕೆ ರಕ್ತವೂ ಹೋಗುವುದಿಲ್ಲ, ನುಂಗಿದ ಮಾತ್ರೆಯೂ ಹೋಗುವುದಿಲ್ಲ. ದಿಬ್ಬ ಹತ್ತುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಎಂದಾದರೆ ಅದು ವಯಸ್ಸಿನ ಸುಸ್ತಲ್ಲ. ರಕ್ತನಾಳದ ತಪಾಸಣೆ ಆಗಬೇಕು. ಬೀಡಿ, ಸಿಗರೇಟು, ಕವಳದ ಜೊತೆಯ ಹೊಗೆಸೊಪ್ಪು ಈ ನಾಳಗಳನ್ನು ಇನ್ನಷ್ಟು ಹಿಂಡುತ್ತವೆ.

ನೋವು ಮಾಡಬೇಕಿದ್ದ ಕಾವಲು ಕೆಲಸವನ್ನು ಇನ್ನು ಮನೆಯವರ ಕಣ್ಣು, ಕೈ ಮಾಡಬೇಕು. ದಿನಾ ಮಾಡಬೇಕು. ಮಲೆನಾಡಿನಲ್ಲಿ ಇದು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಒಣಗುವುದೇ ಕಷ್ಟ, ತೋಟಕ್ಕೆ ಬರಿಗಾಲಲ್ಲಿ ಇಳಿಯುವ ರೂಢಿ ಹಳೆಯದು, ಹೊಸನಗರ ತೀರ್ಥಹಳ್ಳಿ ಕಡೆಯ ಒಳಹಳ್ಳಿಯಿಂದ ಆಸ್ಪತ್ರೆಗೆ ಬರುವುದೆಂದರೆ ಅರ್ಧ ದಿನದ ಕೆಲಸ.

ಸ್ಪರ್ಶ ಇದೆಯೋ ಇಲ್ಲವೋ, ಮನೆಯಲ್ಲೇ ನೋಡುವುದು

ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದ ಮುಟ್ಟಿ ಪರೀಕ್ಷಿಸುತ್ತಾರೆ. ಮನೆಯಲ್ಲಿ ಅದಕ್ಕೆ ಹತ್ತಿರದ ಪರೀಕ್ಷೆಯನ್ನು ಬರೀ ತೋರುಬೆರಳಿನಿಂದ ಮಾಡಬಹುದು. ಎರಡು ನಿಮಿಷ ಸಾಕು.

ಅವರನ್ನು ಮಂಚದ ಮೇಲೆ ಮಲಗಿಸಿ, ಕಾಲ್ಚೀಲ ತೆಗೆಸಿ. ಮೊದಲು ಅವರ ಎರಡೂ ಕಾಲು ಮುಟ್ಟಿ "ಇದು ಬಲ, ಇದು ಎಡ" ಎಂದು ಹೇಳಿಬಿಡಿ. ಆಮೇಲೆ ಕಣ್ಣು ಮುಚ್ಚಿಸಿ, "ಅಪ್ಪಯ್ಯ, ಮುಟ್ಟಿದ್ದು ಗೊತ್ತಾದ ಕೂಡಲೇ ಎಡವೋ ಬಲವೋ ಹೇಳಿ" ಅನ್ನಿ. ಬೆರಳ ತುದಿಯನ್ನು ಹಗುರವಾಗಿ ಒಂದರಿಂದ ಎರಡು ಸೆಕೆಂಡು ಮಾತ್ರ ಇಡಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಒತ್ತಿದರೆ ಆಳದ ನರಕ್ಕೆ ತಿಳಿದುಬಿಡುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಮುಟ್ಟುವ ಕ್ರಮ ಹೀಗೆ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಪ್ರತಿ ಬೆರಳಿಗೂ ಒಂದೇ ಅವಕಾಶ. ಉತ್ತರ ಬರಲಿಲ್ಲವೆಂದು ಮತ್ತೆ ಮುಟ್ಟಬೇಡಿ, "ಗೊತ್ತಾಗಲಿಲ್ವಾ?" ಎಂದು ಸುಳಿವೂ ಕೊಡಬೇಡಿ.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಲ್ಲಿ ಗೊತ್ತಾಗದಿದ್ದರೆ ಅವರ ಎರಡೂ ಪಾದವನ್ನು ಅಪಾಯದ ಪಾದ ಎಂದೇ ನೋಡಿಕೊಳ್ಳಬೇಕು. ಅಂಥವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿಯಂಥವನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ಗೋ ನಿಮ್ಮ ವೈದ್ಯರ ಬಳಿಗೋ ಕರೆದೊಯ್ದು ಪಾದದ ಪೂರ್ತಿ ತಪಾಸಣೆ ಮಾಡಿಸಿ, ಎಷ್ಟು ತಿಂಗಳಿಗೊಮ್ಮೆ ಬರಬೇಕು ಎಂದು ಕೇಳಿ. ಎಲ್ಲ ಬೆರಳಲ್ಲೂ ಸ್ಪರ್ಶವಿದ್ದರೂ ವರ್ಷಕ್ಕೊಮ್ಮೆ ತೋರಿಸಲೇಬೇಕು.

ದಿನಕ್ಕೊಮ್ಮೆ ಪಾದ ನೋಡುವುದು

ಸಂಜೆ ಕೈಕಾಲು ತೊಳೆದ ಮೇಲಿನ ಹೊತ್ತು ಒಳ್ಳೆಯದು, ದಿನದ ಕೆಲಸದಲ್ಲಿ ಆದದ್ದೆಲ್ಲ ಕಾಣುತ್ತದೆ. ಕರೆಂಟು ಹೋಗಿದ್ದರೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ನಾಳೆಗೆಂದು ಬಿಡಬೇಡಿ. ಕನ್ನಡಕ ಹಾಕಿಕೊಂಡೇ ನೋಡಿ. ಒಬ್ಬರೇ ಇರುವವರು ನೆಲದ ಮೇಲೆ ಮುಖ ನೋಡುವ ಕನ್ನಡಿ ಇಟ್ಟು ಅದರ ಮೇಲೆ ಅಂಗಾಲು ಹಿಡಿದು ನೋಡಬಹುದು. ಕಣ್ಣು ಮಂಜಾದವರಿಗೆ ಇನ್ನೊಬ್ಬರು ನೋಡಿಕೊಡಲೇಬೇಕು. ಸಕ್ಕರೆ ಕಾಯಿಲೆ ಪಾದವನ್ನೂ ಕಣ್ಣನ್ನೂ ಒಟ್ಟಿಗೆ ಕೆಡಿಸುವುದು ಸಾಮಾನ್ಯ.

ಅಂಗಾಲು, ಹಿಮ್ಮಡಿ, ಪಾದದ ಎರಡು ಅಂಚು, ಉಗುರಿನ ಸುತ್ತ, ಕೊನೆಗೆ ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹುಡುಕಬೇಕಾದದ್ದು: ಸೀಳು, ನೀರುಗುಳ್ಳೆ, ಕೆಂಪು, ಊತ, ಹೊಸ ಆಣಿ, ಗಟ್ಟಿ ಚರ್ಮದೊಳಗೆ ಕಪ್ಪು ಅಥವಾ ನೀಲಿ ಕಲೆ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗಟ್ಟಿ ಚರ್ಮದಡಿ ರಕ್ತ ಕಟ್ಟಿದೆ ಎಂದರೆ ಒಳಗೆ ಆಗಲೇ ಹುಣ್ಣಾಗಿರಬಹುದು, ಮೇಲೆ ಮುಚ್ಚಳ ಮಾತ್ರ ಗಟ್ಟಿಯಾಗಿರುತ್ತದೆ. ಆಣಿಯನ್ನಾಗಲಿ ಗಟ್ಟಿ ಚರ್ಮವನ್ನಾಗಲಿ ಮನೆಯಲ್ಲಿ ಬ್ಲೇಡಿನಿಂದ ಕೆರೆಯಬೇಡಿ. ಮೆಡಿಕಲ್ ಶಾಪಿನ ಕಾರ್ನ್ ಪಟ್ಟಿಯೂ ಬೇಡ. ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ನೋಡಿದ ಮೇಲೆ ಅಂಗೈ ಹಿಂಬದಿಯಿಂದ ಎರಡೂ ಪಾದದ ಬಿಸಿ ಹೋಲಿಸಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ, ಊದಿಕೊಂಡಿದ್ದರೆ ಉಳುಕು ಎಂದು ಎಣ್ಣೆ ಹಾಕಿ ನೀವಬೇಡಿ. ಸ್ಪರ್ಶ ಹೋದ ಪಾದದಲ್ಲಿ ಮೂಳೆ, ಕೀಲುಗಳು ನೋವಿಲ್ಲದೆ ಮುರಿದು ಕುಸಿಯುವ ಶಾರ್ಕೋ ಪಾದ ಎಂಬ ಸ್ಥಿತಿ ಹೀಗೇ ಶುರುವಾಗುತ್ತದೆ. ಆ ಕ್ಷಣದಿಂದಲೇ ಆ ಕಾಲಿನ ಮೇಲೆ ಭಾರ ಬಿಡಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಅದರ ಮೇಲೆ ನಡೆದಷ್ಟೂ ಪಾದದ ಕಮಾನು ಕುಸಿದು ಆಕಾರವೇ ಬದಲಾಗುತ್ತದೆ.

ಬಚ್ಚಲು ಮನೆ

ಮಲೆನಾಡಿನ ಮನೆಗಳಲ್ಲಿ ಸುಟ್ಟ ಗಾಯಕ್ಕೆ ದೊಡ್ಡ ಕಾರಣ ಬಚ್ಚಲ ಹಂಡೆ. ಅಡಿಕೆ ಸಿಪ್ಪೆ, ಕಟ್ಟಿಗೆ ಉರಿಯಲ್ಲಿ ಇಡೀ ದಿನ ಕಾದ ನೀರು ಕೊತಕೊತ ಎನ್ನುತ್ತಿರುತ್ತದೆ. ಸ್ಪರ್ಶವಿಲ್ಲದ ಪಾದಕ್ಕೆ ಆ ನೀರು ಬಿದ್ದರೆ ಮರುದಿನ ಬೆಳಿಗ್ಗೆ ಗುಳ್ಳೆ ಎದ್ದಾಗಲೇ ಗೊತ್ತು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬೆರೆಸಿದ ನೀರನ್ನು ಮನೆಯಲ್ಲಿ ಆರೋಗ್ಯವಾಗಿರುವ ಬೇರೆ ಯಾರಾದರೂ ಮೊಣಕೈಯಿಂದ ಮುಟ್ಟಿ ನೋಡಬೇಕು, ರೋಗಿಯ ಕೈಯನ್ನೂ ನಂಬುವಂತಿಲ್ಲ. 37 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮೊಣಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನಿಸಬೇಕು. ಚಳಿಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರುವುದು, ಬಿಸಿನೀರಿನ ಚೀಲ ಕಾಲಿಗೆ ಇಟ್ಟು ಮಲಗುವುದು ಎರಡೂ ಬೇಡ. ಹತ್ತಿಯ ಕಾಲ್ಚೀಲ, ಕಂಬಳಿ ಸಾಕು.

ಉಪ್ಪುನೀರಲ್ಲಿ, ಡೆಟಾಲ್ ನೀರಲ್ಲಿ ಕಾಲು ನೆನೆಸಿಡುವ ಅಭ್ಯಾಸವನ್ನು ಬಿಡಿಸಿ. ನೆನೆದ ಚರ್ಮ ಮೆತ್ತಗಾಗಿ ಬೇಗ ಹರಿಯುತ್ತದೆ. ಸಾಬೂನು ಹಚ್ಚಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳ ಸಂದಿಗೆ ಬಟ್ಟೆಯ ತುದಿ ತೂರಿಸಿ ಪೂರ್ತಿ ಒಣಗಿಸಿ. ಆಮೇಲೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ ಅನ್ನೋ ಅಂಗಾಲು, ಹಿಮ್ಮಡಿಗೆ ತೆಳುವಾಗಿ ಹಚ್ಚಿ. ಬೆರಳ ಸಂದಿಗೆ ಹಚ್ಚಬೇಡಿ, ಅಲ್ಲಿ ತೇವ ಉಳಿದರೆ ಬೂಷ್ಟು ಬರುತ್ತದೆ. ಎಣ್ಣೆ ಹಚ್ಚಿದ ಕಾಲಲ್ಲಿ ಗಾರೆ ನೆಲದ ಮೇಲೆ ಹಾಗೇ ನಡೆದರೆ ಜಾರುತ್ತದೆ, ಹಚ್ಚಿದ ಕೂಡಲೇ ಕಾಲ್ಚೀಲ, ಚಪ್ಪಲಿ ಹಾಕಿಸಿ.

ಉಗುರನ್ನು ಸ್ನಾನದ ನಂತರ ಮೆತ್ತಗಿದ್ದಾಗ ನೇರವಾಗಿ ಕತ್ತರಿಸಿ, ಮೂಲೆಯನ್ನು ಒಳಗೆ ಕೊರೆಯಬೇಡಿ. ದಪ್ಪಗಾಗಿ ಬಾಗಿದ ಉಗುರನ್ನು ಆಸ್ಪತ್ರೆಯಲ್ಲೇ ತೆಗೆಸುವುದು ಒಳ್ಳೆಯದು.

ತೋಟ, ಗದ್ದೆ, ಉಂಬಳ

ತೋಟಕ್ಕೆ ಹೋಗಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಪಾದದಲ್ಲಿ ಗಾಯವಿಲ್ಲದಿದ್ದರೆ ಸರಿಯಾದ ರಕ್ಷಣೆಯೊಂದಿಗೆ ಕೆಲಸ ಮಾಡಬಹುದು. ಗಾಯವಿದ್ದರೆ ಮಾತ್ರ ಅದು ಮಾಯುವ ತನಕ ತೋಟವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಈ ಮಾತಿನಲ್ಲಿ ರಿಯಾಯಿತಿ ಕೊಡಬೇಡಿ.

ಗಂಬೂಟು ಕಲ್ಲು, ಮುಳ್ಳು, ಕೆಸರಿನಿಂದ ಕಾಪಾಡುತ್ತದೆ, ಆದರೆ ಒಳಗೆ ಬೆವರು ಹಿಡಿದಿಟ್ಟು ಚರ್ಮ ಬೇಯಿಸುತ್ತದೆ. ಒಳಗೆ ಹತ್ತಿಯ ದಪ್ಪ ಕಾಲ್ಚೀಲ ಇರಲಿ, ಹೊಲಿಗೆ ಒತ್ತುವಂತಿದ್ದರೆ ಕಾಲ್ಚೀಲವನ್ನು ಒಳ ಮಗ್ಗುಲು ಹೊರಗೆ ಮಾಡಿ ಹಾಕಿ. ಎರಡು ಗಂಟೆಗೊಮ್ಮೆ ಬಿಚ್ಚಿ ಕಾಲು ಒರೆಸಿ ಬೇರೆ ಒಣ ಕಾಲ್ಚೀಲ ಹಾಕಿ. ಹಾಕುವ ಮೊದಲು ಪ್ರತಿ ಸಲ ಬೂಟನ್ನು ಬೋರಲು ಹಾಕಿ ಕೊಡವಿ, ಒಳಗೆ ಕೈ ಹಾಕಿ ತಡಕಾಡಿ: ಸಣ್ಣ ಕಲ್ಲು, ಅಡಿಕೆ ಚೂರು, ಎದ್ದು ನಿಂತ ಮೊಳೆ, ಚೇಳು. ಒಂದು ಚಿಕ್ಕ ಕಲ್ಲನ್ನು ಬೂಟಿನೊಳಗೆ ಇಟ್ಟುಕೊಂಡೇ ಇಡೀ ದಿನ ನಡೆದು, ಸಂಜೆ ರಕ್ತ ಕಂಡಾಗ ತಿಳಿಯುವುದು ಸ್ಪರ್ಶ ಹೋದವರಲ್ಲಿ ಅಪರೂಪವಲ್ಲ.

ಉಂಬಳ ಹತ್ತಿದರೆ ಕಿತ್ತೆಸೆಯಬೇಡಿ. ಉರಿಯುವ ಬೀಡಿ ತಾಗಿಸುವುದು, ಸುಣ್ಣ ಬಳಿಯುವುದು ಉಂಬಳಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಉಗುರನ್ನು ಚರ್ಮಕ್ಕೆ ಚಪ್ಪಟೆಯಾಗಿ ಹಿಡಿದು ಅದರ ಬಾಯಿಯ ಕಡೆಯನ್ನು ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಬಹಳ ಹೊತ್ತು ಸೋರುತ್ತದೆ, ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಸಾಬೂನು ನೀರಲ್ಲಿ ತೊಳೆದು, ಚೊಕ್ಕ ಬಟ್ಟೆ ಒತ್ತಿ ಹಿಡಿದು, ಮುಚ್ಚಿ ಕಟ್ಟಿ. ತುರಿಕೆ ದಿನಗಟ್ಟಲೆ ಇರುತ್ತದೆ, ಉಗುರಿಂದ ಕೆರೆದುಕೊಂಡ ಜಾಗವೇ ಹುಣ್ಣಾಗುವುದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಸುಣ್ಣ, ಮೈಲುತುತ್ತು ಕಾಲಿಗೆ ಸಿಡಿಯುತ್ತದೆ. ಸುಣ್ಣ ಅರಳಿಸುವ ಕೆಲಸವನ್ನು ಇವರಿಗೆ ಕೊಡಬೇಡಿ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮೆಟ್ಟಿ ಕೂರುವಾಗಲೂ ಪಾದದ ಒಂದೇ ಜಾಗಕ್ಕೆ ಗಂಟೆಗಟ್ಟಲೆ ಒತ್ತು ಬೀಳುತ್ತದೆ, ಅಲ್ಲಿ ಮೊದಲು ಗಟ್ಟಿ ಚರ್ಮ, ಆಮೇಲೆ ಹುಣ್ಣು. ಗದ್ದೆ ನೀರಿಗೆ ಇಳಿದ ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. ಬಿರುಕು ಬಿಟ್ಟ ಕಾಲಿನಿಂದ ಆ ರೋಗಾಣು ಸುಲಭವಾಗಿ ಒಳಹೋಗುತ್ತದೆ. ಗದ್ದೆಗೆ ಇಳಿದಿದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಬೆರಳ ಸಂದಿ ಬೆಳ್ಳಗಾಗಿ, ಸುಲಿದು, ತುರಿಸುತ್ತಿದ್ದರೆ ಬೂಷ್ಟು ಹಿಡಿದಿದೆ. ಕ್ಲೋಟ್ರಿಮಜೋಲ್ ಮುಲಾಮು ಸಾಮಾನ್ಯವಾಗಿ ಕೊಡುವ ಔಷಧಿ. ತುರಿಕೆ ನಿಂತ ಕೂಡಲೇ ಬಿಟ್ಟರೆ ವಾಪಸ್ ಬರುತ್ತದೆ, ಹೇಳಿದಷ್ಟು ದಿನ ಹಚ್ಚಬೇಕು. ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ಅಂಗಡಿಯಲ್ಲಿ ಕೇಳಿ ತರಬೇಡಿ, ಮೊದಲೆರಡು ದಿನ ಆರಾಮ ಕೊಟ್ಟು ಆಮೇಲೆ ಬೂಷ್ಟನ್ನು ಹಬ್ಬಿಸುತ್ತದೆ.

ಮನೆಯೊಳಗೂ ಚಪ್ಪಲಿ ಬೇಕು, ಜಗುಲಿಯಲ್ಲೂ ಬೇಕು. ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ ಚಪ್ಪಲಿ ಸರಿಯಲ್ಲ: ಪಟ್ಟಿ ಸಂದಿಯನ್ನು ಕೊಯ್ಯುತ್ತದೆ, ಕಾಲಿಂದ ಜಾರಿದರೂ ತಿಳಿಯುವುದಿಲ್ಲ. ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆ ಅಟ್ಟೆ, ಅಡಿ ಗಟ್ಟಿ, ಹಿಮ್ಮಡಿಗೆ ಪಟ್ಟಿ, ಮೇಲೆ ವೆಲ್ಕ್ರೋ ಇರುವಂಥದ್ದು ಕೇಳಿ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುವುದರಿಂದ ಆಗ ಅಳತೆ ನೋಡಿ ಕೊಳ್ಳಿ. ಉದ್ದದ ಬೆರಳಿಗಿಂತ 1ರಿಂದ 2 ಸೆಂಟಿಮೀಟರ್ ಜಾಗ ಮುಂದೆ ಉಳಿದಿರಬೇಕು. ಹೊಸತನ್ನು ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ, ಕೆಂಪಾಗಿದೆಯೇ ನೋಡಿ, ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಸಿಗಂದೂರಿಗೋ ಊರ ದೇವಸ್ಥಾನಕ್ಕೋ ಹೋದಾಗ ಏಪ್ರಿಲ್ ಮಧ್ಯಾಹ್ನದ ಕಲ್ಲುಹಾಸು ಕಾದಿರುತ್ತದೆ. ದಪ್ಪ ಹತ್ತಿ ಕಾಲ್ಚೀಲ ಹಾಕಿಕೊಂಡು, ಬೆಳಿಗ್ಗೆ ಬೇಗ ಹೋಗಿ.

ಗಾಯ ಆದ ಮೇಲೆ

ಸ್ಪರ್ಶವಿಲ್ಲದ ಪಾದದಲ್ಲಿ ಎಷ್ಟೇ ಚಿಕ್ಕ ಗಾಯವಾದರೂ 24 ಗಂಟೆಯೊಳಗೆ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಆಳ ಎಷ್ಟು, ಮೂಳೆ ತಾಗಿದೆಯೇ, ರಕ್ತ ಓಡುತ್ತಿದೆಯೇ, ಧನುರ್ವಾಯು ತಡೆಯುವ ಟಿಟಿ ಅಥವಾ ಟಿಡಿ ಚುಚ್ಚುಮದ್ದು ಬೇಕೇ ಎಂಬುದನ್ನು ಮನೆಯಲ್ಲಿ ನಿರ್ಧರಿಸಲಾಗದು. ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸ, ಅರಿಶಿನ, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಅದರೊಳಗಿನ ಮಣ್ಣು, ಕಸ ಕೀವಿಗೆ ಕಾರಣವಾಗುತ್ತದೆ. ಗಾಯದ ತಳವೂ ಮುಚ್ಚಿಹೋಗಿ ವೈದ್ಯರಿಗೆ ಏನೂ ಕಾಣುವುದಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಮನೆಯಲ್ಲೇ ಡ್ರೆಸ್ಸಿಂಗ್ ಮಾಡಲು ಹೇಳಿದ್ದರೆ, ಬಿಡುವ ಮೊದಲು ಒಂದು ಸಲ ನರ್ಸ್ ಎದುರಿಗೆ ನೀವೇ ಮಾಡಿ ತೋರಿಸಿ. ನೋಡಿ ಕಲಿತದ್ದಕ್ಕೂ ಮಾಡಿ ಕಲಿತದ್ದಕ್ಕೂ ತುಂಬ ವ್ಯತ್ಯಾಸ. ಸಾಮಾನು: 100 ಎಂಎಲ್ ನಾರ್ಮಲ್ ಸಲೈನ್ ಬಾಟಲಿ, ಸ್ಟೆರೈಲ್ ಗಾಜ್ (ಗಾಯದ ಮೇಲೆ ಇಡುವ ಜಾಳು ಬಟ್ಟೆ) ಪ್ಯಾಕೆಟ್, ರೋಲರ್ ಬ್ಯಾಂಡೇಜ್, ಮೈಕ್ರೋಪೋರ್ ಟೇಪ್, ಕೈಗವಸು ಎರಡು ಜೊತೆ, 20 ಎಂಎಲ್ ಸಿರಿಂಜ್, ಕಸಕ್ಕೆ ಕವರ್. ದೊಡ್ಡ ಬಾಟಲಿ ಅಗ್ಗ ಅನಿಸುತ್ತದೆ, ಆದರೆ ತೆರೆದ ಸಲೈನನ್ನು 24 ಗಂಟೆಯ ಮೇಲೆ ಬಳಸಬಾರದು, ಅರ್ಧ ಚೆಲ್ಲಬೇಕಾಗುತ್ತದೆ.

ಫ್ಯಾನ್ ನಿಲ್ಲಿಸಿ, ನಾಯಿ ಬೆಕ್ಕನ್ನು ಹೊರಗೆ ಹಾಕಿ. ಸಾಬೂನಿನಿಂದ 40ರಿಂದ 60 ಸೆಕೆಂಡು ಕೈ ತೊಳೆದು ಗವಸು ಹಾಕಿ, ಹಳೆ ಪಟ್ಟಿ ಬಿಚ್ಚಿ. ಗಾಜ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದು ನಿಮಿಷ ಕಾದರೆ ತಾನಾಗಿ ಬಿಡುತ್ತದೆ. ಎಳೆದರೆ ಹೊಸದಾಗಿ ಬೆಳೆದ ಚರ್ಮವೇ ಕಿತ್ತು ಬರುತ್ತದೆ. ತೆಗೆದ ಗಾಜ್ ಬಟ್ಟೆಯ ಮೇಲೆ ಏನಿದೆ ನೋಡಿ: ತೆಳು ಹಳದಿ ನೀರು ಪರವಾಗಿಲ್ಲ, ದಪ್ಪ ಹಸಿರು ಅಥವಾ ಬೂದು ಕೀವು ಒಳ್ಳೆಯದಲ್ಲ. ಗವಸು ಬಿಸಾಡಿ, ಮತ್ತೆ ಕೈ ತೊಳೆದು ಹೊಸ ಗವಸು ಹಾಕಿ.

ಸೂಜಿ ಇಲ್ಲದ ಸಿರಿಂಜಿನಿಂದ ಸಲೈನನ್ನು ಗಾಯದ ಮೇಲೆ ಹರಿಯಬಿಡಿ. ಒರೆಸಬೇಕಾದರೆ ಗಾಯದ ನಡುವಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಒಮ್ಮೆ ಒರೆಸಿದ ಗಾಜ್ ಬಟ್ಟೆಯನ್ನು ಮತ್ತೆ ಒಳಗೆ ತರಬೇಡಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಗಾಯದೊಳಗೆ ಹಾಕಬೇಡಿ. ನೊರೆ ಬಂದರೆ ಕೊಳೆ ಹೋಗುತ್ತಿದೆ ಎಂದು ಜನ ನಂಬುತ್ತಾರೆ, ಆದರೆ ಮಾಯಿಸುವ ಜೀವಕೋಶಗಳೂ ಅದರಿಂದ ಸಾಯುತ್ತವೆ. ತೊಳೆದ ಮೇಲೂ ವಾಸನೆ ಉಳಿದರೆ ಅದು ಸೋಂಕಿನ ಗುರುತು. ಸುತ್ತಲಿನ ಚರ್ಮವನ್ನು ಒಣಗಿಸಿ, ವೈದ್ಯರು ಹೇಳಿದ ಔಷಧಿ ಇದ್ದರೆ ಮಾತ್ರ ತೆಳುವಾಗಿ ಹಾಕಿ, ಗಾಜ್ ಇಟ್ಟು, ಬೆರಳುಗಳ ನಡುವೆಯೂ ಚಿಕ್ಕ ಗಾಜ್ ಇಟ್ಟು, ಬೆರಳ ಕಡೆಯಿಂದ ಮೇಲಕ್ಕೆ ಬ್ಯಾಂಡೇಜ್ ಸುತ್ತಿ. ಬೆರಳ ತುದಿ ಕಾಣುತ್ತಿರಲಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು, ಬೆರಳು ನೀಲಿಯಾದರೆ ಅಥವಾ ತಣ್ಣಗಾದರೆ ಬಿಗಿಯಾಗಿದೆ ಎಂದು ಬಿಚ್ಚಿ ಮತ್ತೆ ಸುತ್ತಿ. ಮಳೆಯಲ್ಲಿ ಆಸ್ಪತ್ರೆಗೆ ಹೋಗುವಾಗ ಮೇಲೆ ಪ್ಲಾಸ್ಟಿಕ್ ಕಟ್ಟಬಹುದು, ತಲುಪಿದ ಕೂಡಲೇ ತೆಗೆಯಬೇಕು. ಒದ್ದೆಯಾದ ಪಟ್ಟಿಯನ್ನು ಹೊತ್ತು ನೋಡದೆ ಬದಲಿಸಿ. ಹಳೆ ಪಟ್ಟಿಯನ್ನು ಗೊಬ್ಬರದ ಗುಂಡಿಗೆ ಎಸೆಯದೆ ಎರಡು ಕವರಿನಲ್ಲಿ ಕಟ್ಟಿಡಿ, ಎಲ್ಲಿ ಕೊಡಬೇಕು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ಗಾಯ ಮಾಯದಿದ್ದರೆ ಹೆಚ್ಚಾಗಿ ಕಾರಣ ಒಂದೇ: ಅದರ ಮೇಲೆ ನಡೆಯುತ್ತಿದ್ದಾರೆ. ನೋವಿಲ್ಲದ್ದರಿಂದ ನಡೆಯಲು ತೊಂದರೆಯೇ ಇಲ್ಲ, ಪ್ರತಿ ಹೆಜ್ಜೆಗೂ ಬೆಳೆದ ಚರ್ಮ ಹರಿಯುತ್ತದೆ. ಅಂಗಾಲಿನ ಹುಣ್ಣಿಗೆ ಭಾರ ಇಳಿಸುವುದೇ ಮೊದಲ ಔಷಧಿ. ಮೊಣಕಾಲಿನವರೆಗೆ ಬರುವ, ಬಿಚ್ಚಲಾಗದ ಪ್ಲಾಸ್ಟರ್ ಅಥವಾ ಬೂಟು ಹಾಕುವುದಾಗಿ ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ಬಿಚ್ಚಲಾಗದು ಎನ್ನುವುದೇ ಅದರ ಗುಣ. ಬಿಚ್ಚುವಂಥದ್ದನ್ನು ಮನೆಯಲ್ಲಿ ಎಲ್ಲರೂ ಬಿಚ್ಚಿಡುತ್ತಾರೆ.

ಮನೆಯಲ್ಲಿ ಅವರು ದಿನಕ್ಕೆ ಎಲ್ಲೆಲ್ಲಿ ನಡೆಯುತ್ತಾರೆ ಎಂದು ಒಂದು ದಿನ ಗಮನಿಸಿ, ಒಂದೊಂದನ್ನೇ ಕಡಿತ ಮಾಡಿ. ಪಾಯಖಾನೆ ಅಂಗಳದಾಚೆ ಇದ್ದರೆ ಕೋಣೆಗೇ ಕಮೋಡ್ ಕುರ್ಚಿ ತನ್ನಿ. ಕುಕ್ಕುರುಗಾಲಲ್ಲಿ ಕೂತರೆ ಇಡೀ ಭಾರ ಪಾದದ ಮುಂಭಾಗಕ್ಕೆ, ಬೆರಳಿಗೆ ಬೀಳುತ್ತದೆ, ಮುಂಪಾದದ ಹುಣ್ಣಿರುವವರಿಗೆ ಅದು ನಡೆಯುವುದಕ್ಕಿಂತ ಕೆಟ್ಟದು. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು. ವಾಕರಿನ ಕಾಲಿನ ರಬ್ಬರ್ ಸವೆದಿದ್ದರೆ ಬದಲಿಸಿ, ಮಳೆಗಾಲದಲ್ಲಿ ಗಾರೆ ನೆಲ ಬೆವರಿ ಜಾರುತ್ತದೆ. ಮಲಗಿದಾಗ ದಿಂಬನ್ನು ಮೀನಖಂಡದ ಕೆಳಗೆ ಇಡಿ, ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುತ್ತಿರಲಿ. ಹಿಮ್ಮಡಿಯ ಕೆಳಗೇ ದಿಂಬಿಟ್ಟರೆ ಅಲ್ಲಿ ಹೊಸ ಹುಣ್ಣು ಏಳುತ್ತದೆ.

ವಾರಕ್ಕೊಮ್ಮೆ ಗಾಯದ ಪಕ್ಕ ಸ್ಕೇಲ್ ಹಿಡಿದು, ಅದೇ ಬೆಳಕಿನಲ್ಲಿ, ಅದೇ ದೂರದಿಂದ ಫೋಟೊ ತೆಗೆಯಿರಿ. ಉದ್ದ, ಅಗಲ ಬರೆದಿಡಿ. ನಾಲ್ಕು ವಾರದಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಈಗಿನ ಚಿಕಿತ್ಸೆ ಸಾಲುತ್ತಿಲ್ಲ. ರಕ್ತದ ಓಟ, ಮೂಳೆಯ ಸೋಂಕು, ಭಾರ ಇವನ್ನು ಮತ್ತೆ ನೋಡಬೇಕು ಎಂದು ವೈದ್ಯರನ್ನು ಕೇಳಿ.

ಊಟದ ವಿಷಯದಲ್ಲಿ "ನಂಜಾಗುತ್ತದೆ" ಎಂದು ಮೀನು, ಮೊಟ್ಟೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ ಉಪ್ಪಿನಕಾಯಿ ಕೊಡುವ ಮನೆಗಳು ಬಹಳ. ಇದು ಎರಡೂ ಕಡೆಯಿಂದ ತಪ್ಪು. ಗಂಜಿ ಸಕ್ಕರೆ ಏರಿಸುತ್ತದೆ, ಗಾಯ ಕಟ್ಟಲು ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಕುಚ್ಚಲಕ್ಕಿಯದಾದರೂ ಅನ್ನ ಅಳತೆಯಲ್ಲಿರಲಿ, ಜೊತೆಗೆ ಹೆಸರುಕಾಳು, ಬೇಳೆ, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಇನ್ಸುಲಿನ್: ಕೈ ತಪ್ಪುವ ಜಾಗಗಳು

ಗಾಯ, ಸೋಂಕು ಇದ್ದಾಗ ಸಕ್ಕರೆ ಏರುತ್ತದೆ, ಮಾತ್ರೆಯಲ್ಲಿ ಹಿಡಿತಕ್ಕೆ ಬರುವುದಿಲ್ಲ. ಹಾಗಾಗಿ ಇನ್ಸುಲಿನ್ ಶುರುಮಾಡುತ್ತಾರೆ. ಒಮ್ಮೆ ತಗೊಂಡರೆ ಬಿಡಲಾಗದು ಎಂಬ ಹೆದರಿಕೆಯಿಂದ ತಪ್ಪಿಸಬೇಡಿ. ಗಾಯ ಮಾದ ಮೇಲೆ ಕೆಲವರು ಮಾತ್ರೆಗೆ ಮರಳುತ್ತಾರೆ.

ಅತಿ ದೊಡ್ಡ ತಪ್ಪು ಸಿರಿಂಜಿನದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಇನ್ಸುಲಿನ್ ಪೆನ್ನಿನೊಳಗೆ ಹಾಕುವ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿ 100 ಯೂನಿಟ್, ಅಂಥ ಬಾಟಲಿಗೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ಯು-100 ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಮೈಗೆ ಹೋಗುತ್ತದೆ, ಜೀವಕ್ಕೇ ಅಪಾಯ. ಪೆನ್ನಿನ ಕಾರ್ಟ್ರಿಜಿನಿಂದ ಸಿರಿಂಜಿಗೆ ಎಳೆದುಕೊಳ್ಳುವುದು, ಅಂಗಡಿಯಲ್ಲಿ ಸಿಕ್ಕ ಸಿರಿಂಜ್ ತರುವುದು ಹೀಗೇ ಕೈಕೊಡುತ್ತವೆ. ಅಂಗಡಿಗೆ ಹೋಗುವಾಗ ಖಾಲಿ ಬಾಟಲಿಯನ್ನೂ ಹಳೆ ಸಿರಿಂಜಿನ ಮುಚ್ಚಳವನ್ನೂ ಕೈಯಲ್ಲಿ ಹಿಡಿದು ಹೋಗಿ.

ಹಾಲಿನ ಬಣ್ಣದ 30/70 ಇನ್ಸುಲಿನ್ನನ್ನು ಎರಡು ಅಂಗೈ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ. ಜೋರಾಗಿ ಅಲುಗಿಸಿದರೆ ಗುಳ್ಳೆ ಬರುತ್ತದೆ. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು ಹೊಟ್ಟೆಗೆ ಚುಚ್ಚಿ, ಪ್ರತಿ ಸಲ ಹಿಂದಿನ ಜಾಗದಿಂದ ಕನಿಷ್ಠ ಒಂದು ಸೆಂಟಿಮೀಟರ್ ಸರಿಯಿರಿ. ಗಂಟಾದ ಜಾಗದಲ್ಲಿ ಚುಚ್ಚಿದರೆ ನೋವಿಲ್ಲ ಎಂದು ಅಲ್ಲೇ ಚುಚ್ಚುವವರಿದ್ದಾರೆ, ಅಲ್ಲಿಂದ ಔಷಧಿ ಸರಿಯಾಗಿ ಹೀರುವುದಿಲ್ಲ. ಪೆನ್ನಾದರೆ ಗುಂಡಿ ಒತ್ತಿ ಹತ್ತು ಎಣಿಸಿ ಆಮೇಲೆ ಸೂಜಿ ತೆಗೆಯಿರಿ.

ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ, ಅಂದರೆ ಫ್ರಿಜ್ಜಿನ ಕೆಳಗಿನ ಅರೆ. ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ. ಬಳಸುತ್ತಿರುವ ಬಾಟಲಿ ಹೊರಗೆ ತಂಪಾದ ನೆರಳಲ್ಲಿ ಸುಮಾರು 28 ದಿನ ಇರುತ್ತದೆ, ತೆರೆದ ತಾರೀಕು ಬಾಟಲಿಯ ಮೇಲೆ ಬರೆಯಿರಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದರೆ ಗಾಬರಿ ಬೇಡ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಆ ಡಬ್ಬಿಯನ್ನು ನೀರು ತುಂಬಿದ ಮಣ್ಣಿನ ಪಾತ್ರೆಯೊಳಗೆ ಇಡಿ. ಅಡಿಗೆಮನೆ ಅಟ್ಟ ಮಾತ್ರ ಬೇಡ. ನಮ್ಮ ತೇವದಲ್ಲಿ ಬೇಗ ಕೆಡುವುದು ಗ್ಲುಕೋಮೀಟರಿನ ಸ್ಟ್ರಿಪ್. ಒಂದನ್ನು ತೆಗೆದು ತಕ್ಷಣ ಮುಚ್ಚಳ ಬಿಗಿ ಮಾಡಿ, ಬೇರೆ ಡಬ್ಬಿಗೆ ಸುರಿಯಬೇಡಿ. ಬಾಳೆಹಣ್ಣು ಸುಲಿದ ಕೈಯನ್ನು ತೊಳೆಯದೆ ರಕ್ತ ತೆಗೆದರೆ ಸುಳ್ಳು ಅಂಕಿ ಬರುತ್ತದೆ.

ಬೆವರು, ನಡುಕ, ಹಸಿವು, ಇದ್ದಕ್ಕಿದ್ದಂತೆ ಸಿಟ್ಟು, ತಡವರಿಸುವ ಮಾತು ಕಂಡರೆ ಸಕ್ಕರೆ ಇಳಿದಿದೆ ಎಂದುಕೊಳ್ಳಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ಅಳೆಯಲು ಸಾಧ್ಯವಿಲ್ಲದಿದ್ದರೂ, 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು, ಅಂದರೆ 3ರಿಂದ 4 ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆಯಿಂದ ಸಕ್ಕರೆ ಇಳಿದಿದ್ದರೆ ಒಮ್ಮೆ ಸರಿಹೋದದ್ದು ಗಂಟೆಗಳ ನಂತರ ಮತ್ತೆ ಇಳಿಯಬಹುದು, ಆದ್ದರಿಂದ ಎದ್ದು ಕೂತರೂ ಆಸ್ಪತ್ರೆಗೆ ಹೋಗಬೇಕು. ಜ್ವರ, ವಾಂತಿ ಬಂದು ಊಟ ಸೇರದ ದಿನ ಇನ್ಸುಲಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ಪ್ರಮಾಣವನ್ನು ವೈದ್ಯರಿಗೆ ಫೋನ್ ಮಾಡಿ ಕೇಳಿ.

ಕಾಯದೆ ಹೊರಡಬೇಕಾದಾಗ

ಗಾಯದ ಸುತ್ತ ಕೆಂಪು ಹಬ್ಬುತ್ತಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯಿರಿ. ಗೆರೆ ದಾಟಿತೆಂದರೆ ಹೊರಡಿ. ಬೆರಳು ಕಪ್ಪಾಗಿದ್ದರೆ, ಪಾದ ತಣ್ಣಗಾಗಿ ಬಿಳಿಚಿದ್ದರೆ, ಗಾಯದೊಳಗೆ ಮೂಳೆ ಕಂಡರೆ, ಚರ್ಮ ಒತ್ತಿದಾಗ ಒಳಗೆ ಗಾಳಿ ಇದ್ದಂತೆ ಚರಚರ ಎಂದರೆ, ಚಳಿಜ್ವರ ಬಂದರೆ, ಕಾರಣವಿಲ್ಲದೆ ಸಕ್ಕರೆ 300 ದಾಟಿ ಇಳಿಯದಿದ್ದರೆ, ರಾತ್ರಿಯೇ ಆಗಲಿ, ಮಳೆಯೇ ಆಗಲಿ ಹೊರಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಆಳಕ್ಕಿಳಿದರೂ ಜ್ವರ ಬರದೇ ಇರಬಹುದು. ಜ್ವರ ಬರಲಿ ನೋಡೋಣ ಎಂದು ಕಾಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಡೋಸ್ ಆಂಟಿಬಯಾಟಿಕ್ ಹಾಕಿಸಿಕೊಂಡು, ಶಸ್ತ್ರಚಿಕಿತ್ಸೆ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. ಕೀವು ತುಂಬಿದ ಪಾದವನ್ನು ಬೇಗ ಕೊಯ್ದು ಹೊರಹಾಕಿದರೆ ಎಷ್ಟೋ ಸಲ ಒಂದು ಬೆರಳಲ್ಲಿ ಮುಗಿಯುತ್ತದೆ, ತಡವಾದರೆ ಮೊಣಕಾಲಿನವರೆಗೂ ಹೋಗಬಹುದು.

ಹೊರಡುವಾಗ ಕಾಲು ಇಳಿಬಿಡದೆ ಸೀಟಿನ ಮೇಲೆ ಚಾಚಿ ಕೂರಿಸಿ. ಹಳೆ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳು, ಇನ್ಸುಲಿನ್ ಬಾಟಲಿ, ಸಕ್ಕರೆ ಅಳತೆ ಬರೆದ ಪುಸ್ತಕ, ವಾರದ ಫೋಟೊಗಳಿರುವ ಮೊಬೈಲ್, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇವನ್ನು ಒಂದು ಚೀಲದಲ್ಲಿ ಹಾಕಿ ಜೂನ್‌ಗೂ ಮೊದಲೇ ಸಿದ್ಧವಾಗಿಟ್ಟಿರಿ. ಕೊನೆಯ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ, ಇನ್ಸುಲಿನ್ ಎಷ್ಟು ಯೂನಿಟ್ ಯಾವಾಗ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಾತ್ರಿಯೇ ಆಪರೇಷನ್ ಮಾಡಬೇಕಾಗಿ ಬಂದರೆ ಅರಿವಳಿಕೆಯ ವೈದ್ಯರು ಮೊದಲು ಕೇಳುವುದೇ ಇದನ್ನು.